ಬಣ್ಣ ಬಳಿದ ಮುಚ್ಚಳ

ಜೂನ್ ೮, ಭಾನುವಾರ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ, ಮನೆಗೆ ಬಂದರೆ ಇಲ್ಲಿ ದಿನವಿಡೀ ಸರ್ಕಸ್ಸು. ಕೂತು ಬರೆಯಲು ಪುರುಸೊತ್ತೇ ಸಿಗಲಿಲ್ಲ. ನಿನ್ನ ಸೊಂಟನೋವು ಹೇಗಿದೆ? ಮಗಳಿಗೆ ಹಲ್ಲು ಬಂತೇ?

ಸರ್ಕಸ್ಸು ಅಂದೆನಲ್ಲ, ಅದು ಅಪ್ಪನ ಮೋಟಾರ್ ಸೈಕಲ್ಲಿನದು. ಅಪ್ಪ ಹೋದ ಮೇಲೆ ಗಾಡಿ ನಿನ್ನ ಅಣ್ಣನ ಪಾಲಾಯಿತು, ನಿನಗೆ ಗೊತ್ತೇ ಇದೆ. ಅಪ್ಪನನ್ನು ಹಿಂದೆ ಕೂರಿಸಿಕೊಂಡು ವರ್ಷಗಟ್ಟಲೆ ಅದನ್ನು ಓಡಿಸಿದವಳು ನಾನು, ಅವರಿಂದ ಕಲಿತು ಕಾರ್ಬೊರೇಟರ್ ಬಿಚ್ಚಿ ತೊಳೆಯುತ್ತಿದ್ದವಳೂ ನಾನು. ನಿನ್ನ ಅಣ್ಣ ಮಹಾಶಯನೋ, ಟೈರಿನಲ್ಲಿ ಗಾಳಿ ಇಳಿದರೆ ಆಟೋ ಹಿಡಿಯುವವನು. ಅಪ್ಪನ ನೆನಪು ಹೊಸದರ ಹಾಗೆ ಹೊಳೆಯಬೇಕು ಅಂತ ಮೊದಲು ಬಣ್ಣ ಹೊಡೆಸಿದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಟ್ಯಾಂಕಿಗೆ, ಟ್ಯಾಂಕಿನ ಮುಚ್ಚಳಕ್ಕೆ, ಕಂಡಕಂಡದ್ದಕ್ಕೆಲ್ಲ ಗಟ್ಟಿ ಕೆಂಪು.

ಆಮೇಲೆ ಗಾಡಿ ಕೈಕೊಟ್ಟಿತು. ಹೊರಡುವಾಗ ಚೆನ್ನಾಗಿಯೇ ಹೊರಡುತ್ತದೆ. ದೊಡ್ಡ ರಸ್ತೆ ಮುಟ್ಟುವಷ್ಟರಲ್ಲಿ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಎಂಜಿನ್ ಮೇಲೇಳುವುದಿಲ್ಲ, ಏದುತ್ತದೆ, ಮುಗ್ಗರಿಸುತ್ತದೆ, ಕೊನೆಗೆ ಸೈಲೆನ್ಸರಿನಿಂದ ಢಮಾರ್. ಇಡೀ ಬೀದಿ ಬೆಚ್ಚಿಬೀಳುತ್ತದೆ.

ಶುರುವಾಯಿತು ಚಿಕಿತ್ಸೆ. ಅವನ ಭಾವಮೈದುನ ಬಂದ. ಮೊಬೈಲ್ ಅಂಗಡಿ ಇಟ್ಟುಕೊಂಡು ಲೋಕದ ಯಂತ್ರಗಳೆಲ್ಲ ತನಗೆ ಗೊತ್ತು ಅನ್ನುವ ಆಸಾಮಿ. ಪ್ಲಗ್ ಹೋಗಿದೆ ಅಂದ. ಹೊಸ ಪ್ಲಗ್ ಹಾಕಿ, ಪೆಟ್ರೋಲ್ ಇದೆಯೇ ಅಂತ ಮುಚ್ಚಳ ತೆಗೆದು ಇಣುಕಿ, ಮುಚ್ಚಿ, ಕಿಕ್ ಹೊಡೆದರು. ಗಾಡಿ ಸರಾಗವಾಗಿ ಓಡಿತು. ಭಾವಮೈದುನ ಮೀಸೆ ತಿರುವಿದ. ಸಂಜೆ ಇಬ್ಬರೂ ತಳ್ಳಿಕೊಂಡು ಬಂದರು. ಆಮೇಲೆ ಮೂಲೆ ಗ್ಯಾರೇಜಿನವನು ಕಾಯಿಲ್ ಸುಟ್ಟಿದೆ ಅಂದ. ಹೊಸ ಕಾಯಿಲ್, ಮತ್ತೆ ಮುಚ್ಚಳ ತೆಗೆದು ಇಣುಕಾಟ, ಮತ್ತೆ ಸರಾಗ, ಮತ್ತೆ ಢಮಾರ್. ಕಾರ್ಬೊರೇಟರ್ ತೊಳೆದದ್ದೂ ಹಾಗೇ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾಗೆ ಕೂತಾಗ ಕೊಂಬೆ ಮುರಿದರೆ ಕಾಗೆಗೇ ಸನ್ಮಾನ ಮಾಡುವ ಜನ ಕಣೇ ಇವರು.

ನಾನು ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಮುಚ್ಚಳ ತೆಗೆದಾಗಲೆಲ್ಲ ಸುಯ್ ಅಂತ ಗಾಳಿ ಒಳಗೆ ನುಗ್ಗುತ್ತಿತ್ತು. ಆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿದೆ. ಪೆಟ್ರೋಲ್ ಕೆಳಗಿಳಿಯಬೇಕಾದರೆ ಅದರ ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕಲ್ಲ. ಇವನ ಪಿತೃಭಕ್ತಿಯ ಬಣ್ಣ ಆ ತೂತನ್ನು ಮುಚ್ಚಿತ್ತು. ಮುಚ್ಚಳ ತೆಗೆದರೆ ಸ್ವಲ್ಪ ಹೊತ್ತು ಪೆಟ್ರೋಲ್ ಇಳಿಯುತ್ತಿತ್ತು, ಆಮೇಲೆ ಎಂಜಿನ್ ಉಪವಾಸ ಬೀಳುತ್ತಿತ್ತು. ಇಷ್ಟೇ ರೋಗ.

ನಾನೊಮ್ಮೆ ನೋಡಲೇ ಅಂತ ಕೇಳಿದೆ.

"ಅಕ್ಕಾ, ಇದೇನು ಕುಕ್ಕರ್ ಅಲ್ಲ. ನೀನು ಒಳಗೆ ಹೋಗು," ಅಂದ. ಭಾವಮೈದುನ ಕಿಸಕ್ಕನೆ ನಕ್ಕ. ಕುಕ್ಕರಿನ ತೂತು ಕಟ್ಟಿಕೊಂಡರೆ ಏನಾಗುತ್ತದೆ ಅಂತ ಗೊತ್ತಿದ್ದರೂ ಸಾಕಿತ್ತು, ಇಬ್ಬರೂ ಉದ್ಧಾರವಾಗುತ್ತಿದ್ದರು.

ಒಳಗೆ ಹೋದೆ. ಅಲ್ಲಿಂದ ತುಟಿ ಪಿಟಕ್ಕೆನ್ನಲಿಲ್ಲ. ಯಾಕೆ ಹೇಳಲಿ? ಹೇಳಿದ್ದರೆ ಗಾಡಿ ಅವನಲ್ಲೇ ಉಳಿಯುತ್ತಿತ್ತು. ನನಗೆ ಅದು ಬೇಕಿತ್ತು ಪುಟ್ಟಿ. ಬೆಳಗಿನ ಪಾಳಿಗೆ ಬಸ್ಸಿಲ್ಲ, ನಡೆದೇ ಹೋಗಬೇಕು. ಬಸ್ಸಿದ್ದಿದ್ದರೂ ಬೇಕಿತ್ತು ಅನ್ನು.

ಹದಿನೈದು ದಿನದ ಹಿಂದೆ ಸೋತು, ಗುಜರಿಯವನಿಗೆ ಹೇಳಿಕಳಿಸುತ್ತೇನೆ ಅಂದ. ಬಟ್ಟೆ ಮಡಿಸುತ್ತಾ, ಗುಜರಿಗೆ ಹಾಕುವ ಬದಲು ನನ್ನ ಹೆಸರಿಗೆ ಮಾಡು ಅಂದೆ.

"ತಗೋ ಅಕ್ಕ, ನೆನಪಿಗೆ ಇಟ್ಕೋ. ಓಡುತ್ತೆ ಅನ್ನೋ ಆಸೆ ಮಾತ್ರ ಬಿಡು," ಅಂದ. ದಾನಶೂರ!

ಕಾಗದಪತ್ರ ನನ್ನ ಹೆಸರಿಗಾದ ಮೇಲೆ ಅವನೆದುರಿಗೇ ಸೂಜಿ ತಂದು ತೂತು ಬಿಡಿಸಿದೆ. ಊರಾಚೆಯವರೆಗೆ ಹೋಗಿ ಬಂದೆ, ಒಂದು ಸಲವೂ ಕೆಮ್ಮಲಿಲ್ಲ. ಹಲ್ಲುಜ್ಜುತ್ತಾ ನಿಂತವನು ನೊರೆ ಉಗಿಯುವುದನ್ನೂ ಮರೆತಿದ್ದ. ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮನೆ ಎಷ್ಟು ನೆಮ್ಮದಿಯಾಗಿದೆ ಅಂತೀಯ!

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಕೂಸಿಗೆ ಮುತ್ತು. ನೀನು ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ತಣ್ಣಗಿರು.

ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಅಂತ ಬಿಟ್ಟಿದ್ದೆ. ಗಾಡಿಯನ್ನು ನಿನ್ನ ಅಣ್ಣನೇ ಕಿತ್ತುಕೊಂಡ ಅಂತ ನೀನು ತಿಳಿದಿದ್ದೀಯ, ನಾನೂ ತಿದ್ದಿರಲಿಲ್ಲ. ಹಾಸಿಗೆ ಹಿಡಿದಿದ್ದಾಗ ಒಂದು ದಿನ ಅಪ್ಪ ನನ್ನನ್ನು ಕರೆದು ಗಾಡಿಯ ಕೀ ತಾ ಅಂದರು. ನನಗೇ ಕೊಡುತ್ತಾರೆ ಅಂದುಕೊಂಡು ಸೆರಗಿನಲ್ಲಿ ಒರೆಸಿ ತಂದೆ. ಅವರು ಅವನನ್ನು ಕರೆದರು. "ನನಗೆ ಓಡಿಸೋಕೆ ಬರಲ್ಲ, ಅಕ್ಕನೇ ಇಟ್ಕೊಳ್ಳಲಿ ಬಿಡಿ ಅಪ್ಪ," ಅಂತ ಅವನೇ ಅಂದ ಕಣೇ. ಅಪ್ಪ ಕೇಳಲಿಲ್ಲ. "ಅವಳು ಹೆಣ್ಣು. ಗಾಡಿ ಮಗನ ಹತ್ರ ಇರಬೇಕು," ಅಂತ ಅವನ ಅಂಗೈ ಬಿಡಿಸಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ ಔಷಧಿಗೆ ಬಾಯಿ ತೆರೆದರು. ಕುಡಿಸಿದೆ.