ಇಬ್ಬರ ಪಾಲಿನ ಉಪ್ಪು

ಅಣ್ಣಾ,

ಪೇಪರ್ ಸುತ್ತಿ ಕಸದ ಬುಟ್ಟಿಯ ತಳದಲ್ಲಿ ಬಚ್ಚಿಟ್ಟಿದ್ದ ನೂಡಲ್ಸ್-ಮಾಂಸದುಂಡೆ ಡಬ್ಬಿ ಸಿಕ್ಕಿತು. ಯಾರ ಕಣ್ಣಿಗೆ ಮಣ್ಣೆರಚುತ್ತೀಯ?

ಹಿಂಬದಿ ಓದಿದ್ದೀಯಾ? ಸೋಡಿಯಂ ಒಂಬೈನೂರು ಮಿಲಿಗ್ರಾಂ ಅಂತಿದೆ. ಅದೂ ಅರ್ಧ ಡಬ್ಬಿಗೆ! ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಇಬ್ಬರಿಗೆ' ಅಂತ ಬರೆದಿದ್ದಾರೆ. ನೀನೊಬ್ಬನೇ ಬಳಿದು ತಿಂದಿದ್ದೀಯ. ಡಾಕ್ಟರು ಇಡೀ ದಿನಕ್ಕೆ ಹೇಳಿದ ಉಪ್ಪು ಒಂದೇ ಊಟದಲ್ಲಿ ಮುಗಿಯಿತು.

"ಬಾಯಿ ಕೆಟ್ಟುಹೋಗಿದೆ ಕಣೇ" ಅಂತ ರಾಗ ಎಳೀಬೇಡ. ಕಪಾಟಿನಲ್ಲಿದ್ದ ಇನ್ನೆರಡು ಡಬ್ಬಿ ನಾನು ಆಫೀಸಿಗೆ ಒಯ್ಯುತ್ತಿದ್ದೇನೆ. ಒಲೆಯ ಮೇಲೆ ಬೇಯಿಸಿದ ಕೋಳಿ, ತರಕಾರಿ ಇದೆ. ಬಿಸಿ ಮಾಡಿಕೊ. ಎರಡು ಗಂಟೆಯ ಮಾತ್ರೆ ತಪ್ಪಿಸಬೇಡ.

ನಿನ್ನ ಮೈ, ನಿನ್ನಿಷ್ಟ ಅಂತ ಬಿಟ್ಟುಬಿಡುತ್ತಿದ್ದೆ. ಆದರೆ ಒಳಗಿರುವ ಆ ಕಿಡ್ನಿ ನಾನು ಕೊಟ್ಟದ್ದು ಕಣೋ. ಕೊಡೋಕೆ ನನ್ನ ಹತ್ತಿರ ಇನ್ನೊಂದಿಲ್ಲ.

ತಂಗಿ