ಅವಳ ಪಾಲಿನ ವಚನಗಳು

ಫೆಬ್ರವರಿ 3, ಸೋಮವಾರ. ಸಂಜೆ 7.30

ಮಾರ್ಕೆಟ್ ದಿನ. ಇಡೀ ಬ್ಯಾಡಗಿ ಕೆಮ್ಮುತ್ತಿದೆ. ಕಿಟಕಿ ಹಾಕಿಕೊಂಡು ಕುಳಿತರೂ ಮೆಣಸಿನಕಾಯಿ ಘಾಟು ಬಾಗಿಲ ಸಂದಿಯಿಂದ ಬಂದೇ ಬರುತ್ತದೆ. ಸೊಸೆ ಸುಶ್ಮಿತಾ ಕೋಲ್ಡ್ ಸ್ಟೋರೇಜ್ ಆಫೀಸಿನಿಂದ ಬಂದವಳೇ ಮುಖ ತೊಳೆದು ಚಾಪೆ ಹಾಸಿದಳು. ಎಂದಿನಂತೆ ಒಂದು ವಚನ ನಾನು, ಒಂದು ವಚನ ಅವಳು. ಸತ್ಯವೇದ ಒಂದೇ, ಮಗ ಜಯಶೀಲನ ಹಳೆಯ ಬೈಬಲ್. ನನ್ನ ಮೊಣಕಾಲಿನಿಂದ ಅವಳ ಮೊಣಕಾಲಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ. ಮೊದಲ ವಚನ ಯಾವತ್ತೂ ನನ್ನದು — ಅತ್ತೆ ಹಿರಿಯಳು ಅಂತ ಅವಳೇ ಮಾಡಿದ ಕಾಯಿದೆ.

ಇವತ್ತು ಉದ್ದ ಕೂದಲಿನ ಬಲಶಾಲಿ ಸಂಸೋನನ ಕಥೆ. ಅವನು ಮೋಹಿಸಿದ ಹೆಂಗಸು ಅವನ ಬಲದ ಗುಟ್ಟು ಕೇಳುತ್ತಾಳೆ, ಕಟ್ಟಿ ಹಾಕುತ್ತಾಳೆ, ಅವನು ಹರಿದುಕೊಂಡು ಏಳುತ್ತಾನೆ, ಮತ್ತೆ ಅವಳ ತೊಡೆಯ ಮೇಲೇ ಮಲಗುತ್ತಾನೆ. ಸುಶ್ಮಿತಾ ಪುಸ್ತಕ ಕೆಳಗಿಟ್ಟಳು.

“ಮೂರು ಸಲ ಕಟ್ಟಿ ಹಾಕಿದ ಮ್ಯಾಲೂ ತಿಳೀಲಿಲ್ಲೇನ್ರಿ ಅತ್ತಿ, ಈ ಗಂಡಸಿಗೆ?”

ನಕ್ಕು ನಕ್ಕು ಕೆಮ್ಮು ಬಂತು. ನಾನು ಹುಟ್ಟು ಕ್ರೈಸ್ತಳು. ಸಂಡೇ ಸ್ಕೂಲಿನಿಂದ ಈ ಕಥೆ ಓದಿದ್ದೇನೆ, ಔಷಧಿ ನುಂಗಿದ ಹಾಗೆ. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಮದುವೆಯಾಗುವ ತನಕ ಈ ಪುಸ್ತಕವನ್ನೇ ನೋಡಿರದ ಅಗಡಿಯ ಹುಡುಗಿ ಕೇಳುತ್ತಾಳೆ.

ನಿನ್ನೆ ಪಾದ್ರಿಯವರ ಹೆಂಡತಿ ನಮಗೆಲ್ಲ ಕ್ಲಾಸ್ ತೆಗೆದುಕೊಂಡರು. ಒಬ್ಬರೇ ಕುಳಿತು ಸತ್ಯವೇದ ಓದುವುದರಲ್ಲಿ ಖುಷಿಯನ್ನೂ ಅರ್ಥವನ್ನೂ ಕಾಣುವುದು ಹೇಗೆ ಅಂತ. ಒಂದೇ ಹೊತ್ತು, ಒಂದೇ ಜಾಗ. ಅವಸರ ಬೇಡ. ಯಾರು ಹೇಳಿದರು, ಯಾಕೆ ಹೇಳಿದರು, ನಾನಾಗಿದ್ದರೆ ಏನು ಮಾಡುತ್ತಿದ್ದೆ — ಕೇಳಿಕೊಳ್ಳಿ. ಹಿಂದೆ ಕುಳಿತು ಮನಸ್ಸಿನಲ್ಲೇ ನಕ್ಕೆ. ಕೇಳುವವಳು ನನ್ನ ಮನೆಯಲ್ಲೇ ಇದ್ದಾಳೆ.

ಫೆಬ್ರವರಿ 7, ಶುಕ್ರವಾರ

ಸುಶ್ಮಿತಾಳ ಅಪ್ಪ ಗುಡದಪ್ಪ ಬಂದಿದ್ದರು. ಅವಳು ಆಫೀಸಿನಲ್ಲಿರುವ ಹೊತ್ತು ನೋಡಿಯೇ. ಮಗಳು ನಮ್ಮ ಚರ್ಚಿನಲ್ಲಿ ಮದುವೆಯಾದಾಗ ಈ ಕಡೆ ತಲೆ ಹಾಕದ ಮನುಷ್ಯ. ಜಯಶೀಲ ಮೋಟೆಬೆನ್ನೂರಿನ ಹತ್ತಿರ ಹೈವೇಯಲ್ಲಿ ಅಪಘಾತವಾಗಿ ಹೋದ ದಿನ ಓಡಿ ಬಂದಿದ್ದರು. ಅಳಿಯನ ಹೆಣದ ಮುಂದೆ ಕುಳಿತು ಅತ್ತಿದ್ದರು. ಅದನ್ನು ಮರೆಯಲಾರೆ. ಬರುವ ತಿಂಗಳಿಗೆ ಮಗ ಹೋಗಿ ಎರಡು ವರ್ಷ.

ಚಹಾ ಕುಡಿದರು. ಬಹಳ ಹೊತ್ತು ಮಳೆ-ಬೆಳೆ ಮಾತಾಡಿದರು. ಆಮೇಲೆ ಲೋಟ ನೋಡುತ್ತಲೇ ಹೇಳಿದರು.

“ಅಕ್ಕಾರ, ಮಗಳಂಗ ಇಟ್ಕೊಂಡೀರಿ, ಇಲ್ಲಂತ ನಾ ಅನ್ನಂಗಿಲ್ಲ. ಆದ್ರ ಅಕೀಗಿನ್ನೂ ಮೂವತ್ತು ತುಂಬಿಲ್ಲರಿ.”

ಮೇಡ್ಲೇರಿಯ ಹುಡುಗ, ದುರುಗೇಶ. ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಹೆಂಡತಿ ತೀರಿಕೊಂಡಿದ್ದಾಳೆ, ಒಂದು ಸಣ್ಣ ಹೆಣ್ಣು ಕೂಸಿದೆ. ಒಳ್ಳೆಯವನಂತೆ. ಅವಳನ್ನೇ ಕೇಳಿ ಅಂದೆ. ನೀವು ಹೇಳಿದರೆ ಕೇಳುತ್ತಾಳೆ, ಅದಕ್ಕೇ ನಿಮ್ಮ ಹತ್ತಿರ ಬಂದೆ ಅಂದರು.

ಸಂಜೆ ಹೇಳಿದೆ. ನೀವೇನಂತೀರಿ ಅಂದಳು. ನಿನ್ನ ಇಷ್ಟ ಅಂದೆ. ಸುಳ್ಳು. ನನ್ನ ಇಷ್ಟ ಏನೆಂದು ನನಗೆ ಚೆನ್ನಾಗಿ ಗೊತ್ತು. ಅವಳು ಹೋಗಬಾರದು.

ಫೆಬ್ರವರಿ 11, ಮಂಗಳವಾರ

ಸಂಸೋನನ ಕಥೆ ಇರುವ ನ್ಯಾಯಸ್ಥಾಪಕರ ಪುಸ್ತಕ ಮುಗಿಯಿತು. ಕೊನೆಕೊನೆಗೆ ಬರೀ ಹೊಡೆದಾಟ. ಇವರಿಗೆಲ್ಲ ಬುದ್ಧಿ ಬರುವುದು ಯಾವಾಗ ಅಂತ ಸುಶ್ಮಿತಾ ಬೈದಳು. ನಾಳೆಯಾದರೂ ಒಳ್ಳೆಯ ಕಥೆ ಇದೆಯೋ ಇಲ್ಲವೋ ಅಂದಳು.

ಇದೆ. ಅದೇ ಕಷ್ಟ. ನಾಳೆ ರೂತಳ ಪುಸ್ತಕ. ನಾಲ್ಕೇ ಅಧ್ಯಾಯ. ಮಗನನ್ನು ಕಳೆದುಕೊಂಡ ಅತ್ತೆ, ಗಂಡನನ್ನು ಕಳೆದುಕೊಂಡ ಸೊಸೆ. ಸೊಸೆ ಬೇರೆ ಜನದವಳು, ಬೇರೆ ದೇವರವಳು. ತವರಿಗೆ ಹೋಗು ಅಂತ ಅತ್ತೆ ಎಷ್ಟು ಹೇಳಿದರೂ ಬೆನ್ನು ಬಿಡುವುದಿಲ್ಲ. ನಿನ್ನ ಜನವೇ ನನ್ನ ಜನ ಅನ್ನುತ್ತಾಳೆ.

ಅದನ್ನು ಈ ವಾರವೇ ಅವಳ ಕೈಗೆ ಕೊಟ್ಟು ಓದು ಅನ್ನಲೇ? ನಾನೇನೂ ಆರಿಸಿದ್ದಲ್ಲ, ಸರದಿಯಲ್ಲಿ ಬಂದದ್ದು — ಹೀಗೆ ಇಡೀ ದಿನ ನನಗೆ ನಾನೇ ವಕೀಲಿ ಮಾಡಿಕೊಂಡೆ. ಓದಿದರೆ ಉಳಿಯುತ್ತಾಳೆ. ಅವಳ ಸ್ವಭಾವ ನನಗೆ ಗೊತ್ತು. ನಾಚಿಕೆಗಾದರೂ ಉಳಿಯುತ್ತಾಳೆ. ಆಮೇಲೆ ಅವಳ ಮುಖ ದಿನಾ ನಾನೇ ನೋಡಬೇಕು.

ಫೆಬ್ರವರಿ 12, ಬುಧವಾರ

ಹಾರಿಸಿಬಿಟ್ಟೆ. ನಾಲ್ಕೂ ಅಧ್ಯಾಯ ಒಟ್ಟಿಗೆ ಮಗುಚಿ, ಮುಂದಿನ ಸಮುವೇಲನ ಪುಸ್ತಕ ಶುರು ಮಾಡೋಣ ಅಂದೆ. ಅವಳು ಪುಟ ನೋಡಿದಳು, ನನ್ನನ್ನು ನೋಡಿದಳು.

ಬಾಣಲೆಯಿಂದ ಬೆಂಕಿಗೆ ಬಿದ್ದೆ. ಸಮುವೇಲ ಶುರುವಾಗುವುದೇ ಹನ್ನಳಿಂದ. ಮಕ್ಕಳಿಲ್ಲದ ಹೆಂಗಸು, ಊಟ ಬಿಟ್ಟು ದೇವರ ಮುಂದೆ ಅಳುವವಳು. ಐವತ್ತು ವರ್ಷ ಓದಿದವಳಿಗೆ ಇದು ಹೊಳೆಯಬಾರದೇ? ಒಂದನ್ನು ತಪ್ಪಿಸುವ ಗಡಿಬಿಡಿಯಲ್ಲಿ ಮುಂದಿನದು ಏನೆಂದು ನೋಡಲಿಲ್ಲ. ಹನ್ನ ಅಳುವ ಹತ್ತನೆಯ ವಚನ ಅವಳದು. ಅರ್ಧಕ್ಕೆ ದನಿ ನಿಂತಿತು. ಪ್ರಶ್ನೆ ಕೇಳಲಿಲ್ಲ. ಘಾಟು ರೀ ಅಂದು ಕಣ್ಣೊರೆಸಿಕೊಂಡಳು.

ಇವತ್ತು ಬುಧವಾರ. ಮಾರ್ಕೆಟ್ ಇಲ್ಲ.

ಜಯಶೀಲ ಇದ್ದಾಗ ಯಾವಾಗ ಮೊಮ್ಮಗು ಅಂತ ಪೀಡಿಸುತ್ತಿದ್ದವಳು ನಾನೇ. ಅವನು ಹೋದ ಮೇಲೆ ಆ ಮಾತು ಮರೆತೆ. ನನಗೆ ಅವಳೇ ಮಗುವಾಗಿದ್ದಳು, ಸಾಕಾಗಿತ್ತು. ಅವಳಿಗೆ ಸಾಕಾಗಿರಲಿಲ್ಲ.

ಫೆಬ್ರವರಿ 23, ಭಾನುವಾರ

ಇಷ್ಟು ದಿನ ಓದಿಲ್ಲ. ಅವಳಿಗೆ ತಲೆನೋವು, ನನಗೆ ಸೊಂಟನೋವು. ಇಬ್ಬರಿಗೂ ನೆಪಗಳಿಗೆ ಬರವಿಲ್ಲ.

ಇವತ್ತು ಚರ್ಚಿನಿಂದ ಬಂದು ಅವರೆಕಾಳು ಸುಲಿಯುತ್ತ ಕುಳಿತಾಗ ಅವಳೇ ತೆಗೆದಳು.

“ಅತ್ತಿ, ನೀವು ಬಿಟ್ಟಿದ್ದನ್ನ ನಾ ಓದಿದೆ. ಆಫೀಸ್ನ್ಯಾಗ, ಊಟದ ಹೊತ್ತಿನ್ಯಾಗ, ಮೊಬೈಲ್ನ್ಯಾಗ.”

ಕೈ ನಿಂತಿತು. ಒಬ್ಬಳೇ ಕುಳಿತು ಓದಿದ್ದು ಇದೇ ಮೊದಲು. ಹೇಗನಿಸಿತು ಅಂದೆ. ತಲೆ ಎತ್ತಲಿಲ್ಲ ಅವಳು.

“ರೂತಳದು ದೊಡ್ಡ ಮನಸ್ಸು ಬಿಡ್ರಿ. ಆದ್ರ ಇನ್ನೊಬ್ಬಾಕಿ ಸೊಸಿ ಇದ್ದಾಳಲ್ರಿ, ಒರ್ಫಾ. ಅತ್ತಿಗೆ ಮುದ್ದು ಕೊಟ್ಟು, ಅತ್ತು, ತವರಿಗೆ ಹೋದ್ಲು. ಅಕೀನ್ನ ಅತ್ತಿ ಬೈಲಿಲ್ಲ. ದೇವರೂ ಬೈಲಿಲ್ಲ. ಆಮ್ಯಾಲೆ ಏನಾತ್ರಿ ಅಕೀದು?”

“ಬರದಿಲ್ಲವಾ.”

“ಹಂಗಾರ ಚಲೋ ಆಗಿರಬೇಕು,” ಅಂದಳು. ಅಂದು ಅತ್ತಳು.

ನಾನೂ ಅತ್ತೆ. ಎಷ್ಟು ಸಲ ಓದಿದ್ದೇನೆ ಆ ಅಧ್ಯಾಯವನ್ನು! ಒರ್ಫಾ ನನಗೆ ಬರೀ ದಾಟಿಕೊಂಡು ಹೋಗುವ ಹೆಸರು. ಅವಳೂ ಅತ್ತಿದ್ದಳು ಅಂತ ಅಲ್ಲೇ ಬರೆದಿದೆ. ಅಪ್ಪನಿಗೆ ಫೋನ್ ಮಾಡು ಅಂದೆ. ದನಿ ನಡುಗದಂತೆ ಅಂದೆ. ಅಷ್ಟಾದರೂ ಆಯಿತು ನನ್ನಿಂದ.

ಮೇ 2, ಶುಕ್ರವಾರ. ಬೆಳಿಗ್ಗೆ

ಹೋದಳು.

ಗುಡದಪ್ಪ, ಅವಳ ಅವ್ವ ಮಂಗಳವ್ವ ಕಾರು ತಂದಿದ್ದರು. ಮುಂದಿನ ವಾರ ಅಗಡಿಯಲ್ಲಿ ಮದುವೆ, ಮನೆ ಮಟ್ಟಿಗೆ. ನೀವೂ ಬರಲೇಬೇಕು ಅಂದರು. ಕರೆಯುವವರ ಮುಖದಲ್ಲಿ ಬಂದರೆ ಹೇಗಪ್ಪ ಅನ್ನುವುದೂ ಇತ್ತು, ಪಾಪ. ತಪ್ಪು ತಿಳಿಯಲಿಲ್ಲ. ಇಳಕಲ್ ಸೀರೆ ಕೊಟ್ಟು, ಮೊಣಕಾಲು ನೋವು ಅಂದೆ.

ಸತ್ಯವೇದ ಕೊಡಬೇಕೆಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಹೊಸ ಮನೆಗೆ ಕಾಲಿಡುವವಳಿಗೆ ಅದು ಭಾರ. ಕೊಡಲಾಗಲಿಲ್ಲ. ಅವಳೂ ಕೇಳಲಿಲ್ಲ. ಆದರೆ ಹೊರಡುವ ಮುಂಚೆ ಬಟ್ಟೆ ಬಿಚ್ಚಿ ಪುಸ್ತಕವನ್ನು ಸ್ಟೂಲಿನ ಮೇಲಿಟ್ಟಳು, ಅದರ ಮೇಲೆ ನನ್ನ ಕನ್ನಡಕ ಇಟ್ಟಳು. ನನ್ನ ಎರಡೂ ಕೆನ್ನೆಗೆ ಮುದ್ದು ಕೊಟ್ಟಳು.

“ಸಂಜೀಕ ಓದೂದು ಬಿಡಬ್ಯಾಡ್ರಿ ಅತ್ತಿ.”

ಮೇ 3, ಶನಿವಾರ

ಎರಡು ಲೋಟ ಚಹಾ ಮಾಡಿದೆ. ಎರಡನ್ನೂ ನಾನೇ ಕುಡಿದೆ.

ಮೇ 19, ಸೋಮವಾರ

ಕ್ಲಾಸಿನಲ್ಲಿ ಹೇಳಿದಂತೆಯೇ ಮಾಡುತ್ತಿದ್ದೇನೆ. ಅದೇ ಹೊತ್ತು, ಅದೇ ಚಾಪೆ. ಒಂದನೆಯ ವಚನ ಓದುತ್ತೇನೆ. ಎರಡನೆಯದು ಬಿಟ್ಟು ಮೂರಕ್ಕೆ ಹೋಗುತ್ತೇನೆ. ಬೇಕೆಂದು ಅಲ್ಲ, ನಾಲಿಗೆಯೇ ನಿಲ್ಲುತ್ತದೆ. ದಾವೀದ ದೈತ್ಯನಿಗೆ ಕಲ್ಲು ಬೀರುತ್ತಾನೆ, ಹಳ್ಳದಿಂದ ಅದನ್ನು ಆರಿಸಿಕೊಂಡದ್ದು ಅವಳ ಪಾಲಿಗೆ. ಅರ್ಧ ಸತ್ಯವೇದ ಓದುತ್ತಿರುವ ಮುದುಕಿ ನಾನೊಬ್ಬಳೇ ಇರಬೇಕು.

ಪ್ರಶ್ನೆ ಕೇಳಿಕೊಳ್ಳಿ ಅಂದಿದ್ದರು. ಕೇಳಿಕೊಂಡೆ. ನನ್ನ ಪ್ರಶ್ನೆಗೆ ಉತ್ತರ ನನಗೆ ಮೊದಲೇ ಗೊತ್ತಿರುತ್ತದೆ, ಅದರಲ್ಲಿ ಏನು ರುಚಿ?

ಪಕ್ಕದ ಮನೆಯ ಮಹಮೂದಾಬೇಗಂ ನನ್ನ ಸಂಕಟ ನೋಡಲಾರದೆ ಬಂದಳು. ನೀವು ಓದಿ, ನಾನು ಕೇಳುತ್ತೇನೆ ಅಂತ ತಲೆಯ ಮೇಲೆ ಸೆರಗು ಹೊದ್ದು ಕುಳಿತಳು. ಅವಳಿಗಾಗಿ ಎಲ್ಲ ವಚನ ಓದಿದೆ. ದೊಡ್ಡವರ ಮಾತು ಅಂತ ಭಕ್ತಿಯಿಂದ ಕೇಳಿದಳು, ಒಂದೂ ಮಾತು ಎತ್ತಲಿಲ್ಲ. ನನ್ನ ಸೊಸೆ ಎಷ್ಟು ತಂಟೆ ಮಾಡುತ್ತಿದ್ದಳು ಅಂತ ಹೇಳಹೋಗಿ ಅರ್ಧಕ್ಕೇ ಪುಸ್ತಕ ಮುಚ್ಚಿದೆ. ಮಹಮೂದಾ ನನ್ನ ಕೈ ಹಿಡಿದುಕೊಂಡು ಕುಳಿತಳು.

ಜೂನ್ 8, ಭಾನುವಾರ

ಸುಶ್ಮಿತಾಳ ಫೋನ್. ರಾಣೆಬೆನ್ನೂರಿನಿಂದ. ಕೂಸು ಅವಳನ್ನು ಅವ್ವ ಅನ್ನತೊಡಗಿದೆ. ಊಟ ಮಾಡಿಸುವಾಗ ಉದ್ದ ಕೂದಲಿನ ಪೈಲ್ವಾನನ ಕಥೆ ಹೇಳಿದಳಂತೆ. ಹೆಸರು ಹೇಳಲಿಲ್ಲವಂತೆ. ಕೂಸು ಬಾಯಿಯಲ್ಲಿ ತುತ್ತಿಟ್ಟುಕೊಂಡು, ಅವನಿಗೆ ತಿಳಿಯಲೇ ಇಲ್ಲವಾ ಅಂತ ಕೇಳಿತಂತೆ. ನಗುತ್ತಿದ್ದಳು. ನಾನೂ ನಕ್ಕೆ. ಖರೇ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಖುಷಿಯೂ ಆಯಿತು. ಎರಡೂ ಒಟ್ಟಿಗೇ.

ಏನು ಓದುತ್ತಿದ್ದೀರಿ ಅಂದಳು. ಸಮುವೇಲ ಅಂದೆ.

“ನೀವು ಬಿಟ್ಟಿದ್ದು ಹಂಗ ಉಳದೈತಿ ನೋಡ್ರಿ,” ಅಂದಳು.

ಜೂನ್ 12, ಗುರುವಾರ. ಸಂಜೆ 7

ಕೊನೆಗೂ ರೂತಳ ಪುಸ್ತಕ ತೆಗೆದೆ. ಗಟ್ಟಿಯಾಗಿ ಓದಿದೆ, ನನ್ನ ವಚನಗಳನ್ನಷ್ಟೇ. ಒಂದು, ಮೂರು, ಐದು. ಗಂಡ ಸತ್ತದ್ದು ನನ್ನ ಪಾಲಿಗೆ ಬಂತು, ಮಕ್ಕಳು ಸತ್ತದ್ದೂ ನನ್ನ ಪಾಲಿಗೇ. ಹದಿಮೂರು ನನ್ನದು. ಹದಿನಾಲ್ಕರಲ್ಲಿ ಒರ್ಫಾ ಮುದ್ದು ಕೊಟ್ಟು ಹೋಗುತ್ತಾಳೆ. ಅದು ಸುಶ್ಮಿತಾಳದು. ಬಿಟ್ಟೆ. ಅವಳದನ್ನು ಅವಳು ಓದಿಯಾಗಿದೆ.

ಹದಿನೈದು ನನ್ನದು. ಅತ್ತೆ ಹೇಳುವ ಮಾತು — ಅವಳು ತನ್ನವರ ಹತ್ತಿರ ಹೋದಳಲ್ಲ, ನೀನೂ ಹೋಗು. ದನಿ ನಡುಗದಂತೆ ಓದಿದೆ.

ಹದಿನಾರರಲ್ಲಿ ರೂತಳು ಮಾತಾಡುತ್ತಾಳೆ. ಹೋಗುವುದಿಲ್ಲ ಅನ್ನುತ್ತಾಳೆ. ನನಗೆ ಬಾಯಿಪಾಠ. ಆದರೆ ಸರದಿ ನನ್ನದಲ್ಲ. ಪುಸ್ತಕವನ್ನು ಚಾಪೆಯ ಆ ಬದಿಗೆ ಸರಿಸಿ, ಕನ್ನಡಕ ತೆಗೆದು ಕುಳಿತಿದ್ದೇನೆ. ಬೆರಳು ಹದಿನಾರರ ಮೇಲೇ ಇದೆ. ಇನ್ನೊಂದು ಸ್ವಲ್ಪ ಹೊತ್ತು ಅವಳ ದಾರಿ ನೋಡಿ, ಆಮೇಲೆ ನಾನೇ —