ಇಲಿ ಕಡಿದ ಕ್ಯಾಮೆರಾ

ನವೆಂಬರ್ ಹನ್ನೊಂದು, ಮಂಗಳವಾರ, ಶಿಡ್ಲಘಟ್ಟ. ಫೋನಲ್ಲಿ ನನ್ನ ಮಾತು ರೆಕಾರ್ಡ್ ಆಗ್ತಿದೆ ಅನ್ಸುತ್ತೆ.

ಬೆಳಗ್ಗೆ ಅಜೀಜಕ್ಕ ಬಿಸಿನೀರಲ್ಲಿ ರೇಷ್ಮೆಗೂಡಿಂದ ನೂಲು ತೆಗೀತಾ, ಬೆರಳು ಬೆಂದೋಗಿದೆ, ಸ್ವಲ್ಪ ಕೂತ್ಕೋತೀನಿ ಅಂದ್ರು. ಓನರ್ "ನಾಳೆಯಿಂದ ಬರಬೇಡಮ್ಮ" ಅಂದು ಹೊರಗೆ ಹೋದ. ಶೆಡ್ಡಲ್ಲಿದ್ದ ನಾವೆಲ್ಲ ಓನರ್ ಗೋಡೆ ಮೇಲೆ ಹಾಕ್ಸಿರೋ ಕ್ಯಾಮೆರಾ ನೋಡಿ ಸುಮ್ಮನಾದ್ವಿ.

ಸಾಯಂಕಾಲ ಕ್ಯಾಮೆರಾ ರಿಪೇರಿಗೆ ಬಂದ ಉಮೇರ್ ನಕ್ಕುಬಿಟ್ಟ. "ಇಲಿ ವೈರ್ ಕಡಿದು ಎಷ್ಟೋ ತಿಂಗಳಾಗಿದೆ ಕಣ್ರೋ! ಯಾರಿಗೆ ಹೆದರ್ಕೊಂಡಿದ್ರಿ?"

ಗೌರಿಬಿದನೂರು ಬಿಟ್ಟು ಇಲ್ಲಿ ಕೆಲಸಕ್ಕೆ ಸೇರೋ ಮುಂಚೆ, ಎಂಎ ಕ್ಲಾಸಲ್ಲಿ ರಚನೋತ್ತರವಾದ ಅನ್ನೋ ಸಿದ್ಧಾಂತ ಓದಿದ್ದೆ. ಅಧಿಕಾರ ಒಬ್ಬರ ಕೈಲಿರಲ್ಲ, ನಮ್ಮನ್ನ ನಾವೇ ಕಾಯೋ ಹಂಗೆ ಮಾಡುತ್ತೆ ಅಂತಿದ್ರು ಮೇಡಂ. ನಿಜಾನೇ. ನಮ್ಮ ಶೆಡ್ ನೋಡೇ ಬರೆದಂಗಿದೆ.

ಆದ್ರೆ ಬರಬೇಡ ಅಂದಿದ್ದು ಒಂದೇ ಬಾಯಿ. ಗೇಟಿನ ಬೀಗದ ಕೈ ಇರೋದು ಒಂದೇ ಜೇಬಲ್ಲಿ. ಅಧಿಕಾರ ಇರೋ ಕಡೆಯೆಲ್ಲ ಪ್ರತಿರೋಧಾನೂ ಇರುತ್ತೆ ಅಂತಿದ್ರಲ್ಲ, ಬೆಳಗ್ಗೆ ಎಲ್ಲಿತ್ತು ಅದು? ಮೊದಲು ಯಾರು ಬಾಯಿ ತೆಗೀಬೇಕು ಅಂತ ಆ ಪುಸ್ತಕಗಳು ಹೇಳಲ್ಲ.

ಕೆಲಸ ಬಿಟ್ಟಾಗ ಗೇಟ್ ಹತ್ರ ಅಜೀಜಕ್ಕ ಕೇಳಿದ್ರು, "ನಾಳೆ ಲೇಬರ್ ಆಫೀಸಿಗೆ ಹೋಗ್ತೀನಿ. ನೋಡಿದ್ದನ್ನ ಹೇಳೋಕೆ ನೀನಾದ್ರೂ ಬರ್ತೀಯೇನಪ್ಪ?"

ನೋಡೋಣ ಅಕ್ಕ ಅಂತ ಹೇಳಿ ಬಂದ್ಬಿಟ್ಟೆ. 

ಈಗ ರೂಮಲ್ಲಿ ಒಬ್ಬನೇ ಇದೀನಿ. ಬಾಗಿಲು ಹಾಕಿದೆ. ಆದ್ರೂ ಇಷ್ಟೊತ್ತೂ ಪಿಸುಗುಡ್ತಾನೇ ಇದೀನಿ…